ಹೊಂದದ ಅಳತೆಯನ್ನು ಕೈಬಿಡಬೇಡ

ಚಿರಂಜೀವಿ ಮಗಳಿಗೆ ನಿನ್ನ ಚಿಕ್ಕಮ್ಮ ಮಾಡುವ ಅನೇಕ ಆಶೀರ್ವಾದಗಳು.

ಮೂರು ಸಲ ಅಳೆದರೂ ಲೆಕ್ಕಕ್ಕೆ ಹೊಂದದ ಫಲಿತಾಂಶವನ್ನು ಪ್ರಬಂಧದಿಂದ ತೆಗೆದುಬಿಡಲೇ ಎಂದು ಕೇಳಿದ್ದೀಯೆ. ಬೇಡ ಮಗಳೇ. ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿರುವವರು ಭೌತವಿಜ್ಞಾನಿ ಲೀಸ್ ಮೈಟ್ನರ್.

ವಿಯೆನ್ನಾದಲ್ಲಿ ಹುಟ್ಟಿದ ಅವರು 1907ರಲ್ಲಿ ಬರ್ಲಿನ್ನಿಗೆ ಬಂದಾಗ, ಹೆಂಗಸರಿಗೆ ಪ್ರವೇಶವಿಲ್ಲದ ರಸಾಯನಶಾಸ್ತ್ರ ಸಂಸ್ಥೆಯ ನೆಲಮಾಳಿಗೆಯಲ್ಲಿ, ಹಿಂದೆ ಮರಗೆಲಸಕ್ಕಿದ್ದ ಕೋಣೆಯೊಂದರಲ್ಲಿ, ಸಂಬಳವಿಲ್ಲದೆ ರಸಾಯನವಿಜ್ಞಾನಿ ಒಟ್ಟೊ ಹಾನ್ ಅವರೊಡನೆ ಕೆಲಸ ಆರಂಭಿಸಿದರು. ಯಹೂದಿ ಮೂಲದವರಾದ್ದರಿಂದ 1938ರ ಜುಲೈನಲ್ಲಿ, 59ನೆಯ ವಯಸ್ಸಿನಲ್ಲಿ, ನಾಜಿಗಳ ಕಣ್ತಪ್ಪಿಸಿ ಹಾಲೆಂಡಿನ ಮೂಲಕ ಸ್ವೀಡನ್ ಸೇರಬೇಕಾಯಿತು.

ಅದಕ್ಕೆ ಮೊದಲು ಸುಮಾರು ನಾಲ್ಕು ವರ್ಷ, ನ್ಯೂಟ್ರಾನ್ ಎಂಬ ವಿದ್ಯುದಾವೇಶವಿಲ್ಲದ ಕಣ ತಾಗಿದ ಯುರೇನಿಯಂನಿಂದ ಅದಕ್ಕಿಂತ ಭಾರವಾದ ಹೊಸ ಧಾತುಗಳು ಹುಟ್ಟುತ್ತವೆಂದೇ ಮೈಟ್ನರ್, ಹಾನ್ ಮತ್ತು ಅವರ ಜೊತೆಗಾರರು ನಂಬಿದ್ದರು. ಪರಮಾಣುವಿನ ನಡುವಿನ ಬೀಜವೇ (ನ್ಯೂಕ್ಲಿಯಸ್) ಒಡೆದಿರಬಹುದೆಂದು 1934ರಲ್ಲೇ ಬರೆದ ರಸಾಯನವಿಜ್ಞಾನಿ ಇಡಾ ನೊಡಾಕ್ ಅವರ ಮಾತಿಗೆ ಯಾರೂ ಕಿವಿಗೊಟ್ಟಿರಲಿಲ್ಲ. 1938ರ ಡಿಸೆಂಬರಿನಲ್ಲಿ ಹಾನ್ ಮತ್ತು ಅವರ ಸಹೋದ್ಯೋಗಿ ಸ್ಟ್ರಾಸ್‌ಮನ್ ಅವರಿಗೆ ಸಿಕ್ಕಿದ್ದು ಯುರೇನಿಯಂನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ತೂಕದ ಬೇರಿಯಂ. ಹಾನ್ ಬರೆದ ಪತ್ರವನ್ನೋದಿದ ಮೈಟ್ನರ್, ಅದನ್ನು ಒಪ್ಪಿದರೆ ತಮ್ಮದೇ ವರ್ಷಗಳ ದುಡಿಮೆ ಬುಡಮೇಲಾಗುತ್ತದೆಂದು ತಿಳಿದಿದ್ದರೂ, ಅಸಾಧ್ಯವೆಂದು ತಳ್ಳಿಹಾಕದೆ, ಬೀಜವಿಜ್ಞಾನದಲ್ಲಿ ಇಷ್ಟೊಂದು ಅಚ್ಚರಿಗಳನ್ನು ಕಂಡಮೇಲೆ ಹಾಗೆ ಹೇಳಲಾಗದು ಎಂಬರ್ಥದ ಉತ್ತರ ಕೊಟ್ಟರು. ನನಗೆ ಅವರ ಬದುಕಿನಲ್ಲೇ ಅತ್ಯಂತ ದೊಡ್ಡದಾಗಿ ಕಾಣುವುದು ಈ ಉತ್ತರ.

ಕ್ರಿಸ್‌ಮಸ್ ಹೊತ್ತಿಗೆ ಸ್ವೀಡನ್ನಿನ ಕುಂಗೆಲ್ವ್ ಎಂಬ ಊರಿನಲ್ಲಿ ಅಕ್ಕನ ಮಗ, ಭೌತವಿಜ್ಞಾನಿ ಒಟ್ಟೊ ಫ್ರಿಶ್ ಜೊತೆ (ಅವನಿಗೂ ಆಕೆ ಚಿಕ್ಕಮ್ಮನೇ) ಹಿಮದಲ್ಲಿ ನಡೆಯುತ್ತ, ಮರದ ದಿಮ್ಮಿಯ ಮೇಲೆ ಕುಳಿತು, ಚೂರು ಕಾಗದದ ಮೇಲೆ ಲೆಕ್ಕ ಹಾಕಿದರು. ದ್ರವದ ಹನಿಯಂತಿರುವ ಬೀಜ ಉದ್ದಕ್ಕೆ ಎಳೆದುಕೊಂಡು ಎರಡಾದರೆ, ಒಂದನ್ನೊಂದು ವಿಕರ್ಷಿಸುವ ಆ ಹೋಳುಗಳಿಗೆ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿ ಬರಬೇಕು. ಆ ಶಕ್ತಿ ಎಲ್ಲಿಂದ? ಬೀಜಗಳ ದ್ರವ್ಯರಾಶಿಯನ್ನು ಲೆಕ್ಕಹಾಕುವ ಸೂತ್ರ ಮೈಟ್ನರ್ ಅವರಿಗೆ ಬಾಯಿಪಾಠವಾಗಿತ್ತು. ಬೀಜ ಒಡೆದಾಗ ಪ್ರೋಟಾನಿನ ಐದನೆಯ ಒಂದು ಭಾಗದಷ್ಟು ದ್ರವ್ಯರಾಶಿ ಕಳೆಯುತ್ತದೆಂದು ಕಂಡಿತು, ಐನ್‌ಸ್ಟೈನರ ಸಮೀಕರಣದ ಪ್ರಕಾರ ಅದೂ ಅಷ್ಟೇ ಶಕ್ತಿಗೆ ಸಮ.

ಬೀಜ ಒಡೆಯುವ ಈ ಶೋಧಕ್ಕಾಗಿ 1944ರ ನೊಬೆಲ್ ಪ್ರಶಸ್ತಿ ಹಾನ್ ಒಬ್ಬರಿಗೇ ಸಂದಿತು. ಆ ಅನ್ಯಾಯ ನನ್ನನ್ನು ಇಂದಿಗೂ ನೋಯಿಸುತ್ತದೆ.

ನಿನ್ನ ಅಳತೆಯಲ್ಲಿ ತಪ್ಪೇ ಇರಬಹುದು. ಬೇರೆ ಉಪಕರಣದಿಂದ ಮತ್ತೊಮ್ಮೆ ಅಳೆ, ಮಾರ್ಗದರ್ಶಕರಿಗೆ ಮುಚ್ಚುಮರೆಯಿಲ್ಲದೆ ತೋರಿಸು, ಆದರೆ ದಾಖಲೆ ಪುಸ್ತಕದ ಆ ಪುಟವನ್ನು ಹರಿಯಬೇಡ. ಅದರ ನಕಲೊಂದನ್ನು ನನಗೂ ಕಳುಹಿಸು.

ಇತಿ,
ನಿನ್ನ ಚಿಕ್ಕಮ್ಮ