ಗೇಣಿ ಅಕ್ಕಿಯ ಪ್ರಶ್ನೆ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ಚೌತಿಯ ದಿನ ಊಟದ ಎಲೆಯ ಮುಂದೆ ನೀನು ದೊಡ್ಡಮ್ಮನಿಗೆ ಹೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲದ ಶಕ್ತಿ ಯೋಜನೆಯಿಂದ ಹೆಂಗಸರ ಓಡಾಟಕ್ಕೆ, ದುಡಿಮೆಗೆ ಎಷ್ಟು ಅನುಕೂಲವೆಂದು ಚೆನ್ನಾಗಿಯೇ ವಿವರಿಸಿದೆ. ನನಗೂ ಅದು ಒಪ್ಪಿಗೆಯೇ. ಆದರೆ ದೊಡ್ಡಮ್ಮ, "ನಮ್ಮೂರಿಗೆ ಬರುವುದೆಲ್ಲ ಖಾಸಗಿ ಬಸ್ಸು, ನನಗೆ ಟಿಕೆಟ್ ತಪ್ಪಲಿಲ್ಲವಲ್ಲ" ಎಂದಾಗ, "ನಿಮ್ಮೊಬ್ಬರ ಕಥೆ ರಾಜ್ಯದ ಲೆಕ್ಕವಾಗುವುದಿಲ್ಲ, ಓದಿದ್ದರೆ ತಿಳಿಯುತ್ತಿತ್ತು" ಎಂದು ನಕ್ಕುಬಿಟ್ಟೆ. ಅವಳು ಪಾಯಸ ತರುವ ನೆಪದಲ್ಲಿ ಒಳಗೆ ಹೋದಳು.

ನಾನೂ ಹಾಗೆ ನಕ್ಕವನೇ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಒಕ್ಕಲು, ಅಂದರೆ ಗೇಣಿ ಕೊಟ್ಟು ಬೇರೆಯವರ ಭೂಮಿ ಉಳುವವನು, 7ನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟರೆ, ಭೂ ನ್ಯಾಯಮಂಡಳಿ ವಿಚಾರಿಸಿ, ಅವನು ಉಳುತ್ತಿದ್ದ ಭೂಮಿಯನ್ನು ಅವನಿಗೇ ಮಾಡಿಕೊಡುತ್ತಿತ್ತು. ಮಂಗಳೂರಿನಲ್ಲಿ ಓದುತ್ತಿದ್ದ ನಾನು ರಜೆಯಲ್ಲಿ ಬಂದು ಮನೆಮನೆಗೆ ಹೋಗಿ ಅರ್ಜಿ ತುಂಬಿಕೊಡುತ್ತಿದ್ದೆ. ನೆರೆಯಲ್ಲಿ ಒಬ್ಬ ವಿಧವೆ ಇದ್ದರು. ಒಕ್ಕಲಿಗೆ ಗೇಣಿಗೆ ಕೊಟ್ಟ ಎರಡೇ ಗದ್ದೆ, ಅದರಿಂದ ಬರುತ್ತಿದ್ದ ಕೆಲವು ಮುಡಿ ಗೇಣಿ ಅಕ್ಕಿಯಲ್ಲೇ ಅವರ ವರ್ಷ ಕಳೆಯಬೇಕು. "ಗಂಡಸಿಲ್ಲದ ಮನೆ, ನಾನು ನೇಗಿಲು ಹಿಡಿಯಲೇನಪ್ಪ?" ಎಂದು ನನ್ನನ್ನು ಕೇಳಿದರು. "ಉಳುವವನೇ ಹೊಲದೊಡೆಯ" ಎಂದು ಘೋಷಣೆಯನ್ನೇ ಉತ್ತರವಾಗಿ ಕೊಟ್ಟು, ಊಳಿಗಮಾನ್ಯ ಪದ್ಧತಿಯ ಬಗ್ಗೆ ಭಾಷಣ ಬಿಗಿದೆ.

ಗೇಣಿಗೆ ಕೊಡಲು ಸೈನಿಕರಿಗೂ ನಾವಿಕರಿಗೂ ಕಾನೂನು ರಿಯಾಯಿತಿ ಇಟ್ಟಿತ್ತು, ವಿಧವೆಯರಿಗೆ ಇಡಲಿಲ್ಲ. ಕಾನೂನನ್ನು ಬಾಯಿಪಾಠ ಮಾಡಿದ್ದ ನನಗೆ ಕಾಣದ ಆ ಬಿರುಕು, ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಕಂಡಿತ್ತು. ಕೊನೆಗೆ ಗದ್ದೆ ಕೈತಪ್ಪಿ ಅವರು ಕಂಡವರ ಮನೆಯಲ್ಲಿ ಅಡುಗೆಗೆ ನಿಂತರು.

ತಲೆತಲಾಂತರದಿಂದ ಬೆವರು ಸುರಿಸಿದ ಒಕ್ಕಲುಗಳು ಒಡೆಯರಾದದ್ದು ನನ್ನ ಕಾಲದಲ್ಲಿ ನಾನು ಕಂಡ ದೊಡ್ಡ ನ್ಯಾಯ. ಇಂದಿಗೂ ನಾನು ಅದರ ಪರವೇ. ಹಾಗಿದ್ದೂ ಆ ತಾಯಿಯನ್ನೂ ಒಕ್ಕಲನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಮಾತಾಡಿಸಬಹುದಿತ್ತು. ಆತ ಕಟುಕನಲ್ಲ, ವರ್ಷಕ್ಕೆ ಒಂದು ಮುಡಿ ಅಕ್ಕಿಯನ್ನಾದರೂ ಕೊಡುತ್ತಿದ್ದನೇನೋ. ನನ್ನ ಪಕ್ಷ ಸರಿಯಾಗಿದ್ದುದರಿಂದಲೇ ನನಗೆ ಕಿವಿ ಕೇಳಿಸಲಿಲ್ಲ, ಪುಟ್ಟ.

ಈ ಭಾನುವಾರ ದೊಡ್ಡಮ್ಮನಿಗೆ ಫೋನ್ ಮಾಡು. ತಪ್ಪಾಯಿತೆಂದು ಹೇಳು. ಆಮೇಲೆ, ಆಸ್ಪತ್ರೆಗೆ ಹೋಗಿಬರಲು ಅವಳಿಗೆ ಬಸ್ಸಿಗೆ ಎಷ್ಟಾಗುತ್ತದೆ, ಸರ್ಕಾರಿ ಬಸ್ಸು ಹಿಡಿಯಬೇಕಾದರೆ ಎಷ್ಟು ದೂರ ನಡೆಯಬೇಕು ಎಂದು ಕೇಳು. ಅವಳು ನಿಧಾನವಾಗಿ ಮಾತಾಡುತ್ತಾಳೆ, ನಡುವೆ ಬಾಯಿ ಹಾಕಬೇಡ.

ಇತಿ,
ನಿನ್ನ ಮಾವ