ಎಲ್ಲ ಫೀಡರ್‌ಗಳಿಗೂ ಒಂದೇ ಗಳಿಗೆ ಬೇಡ

ಮಾನ್ಯ ಸಂಪಾದಕರೆ,

ಆಷಾಢದ ಗಾಳಿ ಭರಾಟೆಯಿಂದ ಬೀಸುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಕೆಲವೊಮ್ಮೆ ಸುಮ್ಮನೆ ನಿಂತಿರುತ್ತವೆ. ಬೇಸಿಗೆಯಲ್ಲಿ ಕಬ್ಬಿಗೆ ನೀರು ಹಾಯಿಸುವ ಹೊತ್ತಿಗೆ ಸರಿಯಾಗಿ ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಹೋಗುತ್ತದೆ. ಇವೆರಡನ್ನೂ ಜೋಡಿಸಿ 'ಬೇಕಂತಲೇ ಮಾಡುತ್ತಾರೆ' ಎನ್ನುವ ಮಾತು ಮುಧೋಳ, ಜಮಖಂಡಿ ಕಡೆಯ ಕಟ್ಟೆಗಳ ಮೇಲೆ ಮಾಮೂಲಾಗಿದೆ. ಸಕ್ಕರೆ ಕಾರ್ಖಾನೆಯೊಂದರ ವಿದ್ಯುತ್ ಘಟಕದಲ್ಲಿ ದೀರ್ಘಕಾಲ ಟರ್ಬೈನ್ ನೋಡಿಕೊಂಡ ನನಗೆ ಈ ಸಿಟ್ಟು ನ್ಯಾಯವೆನಿಸಿದರೂ ಅದು ಸಲ್ಲಬೇಕಾದ ಕಡೆ ಸಲ್ಲುತ್ತಿಲ್ಲ ಎನಿಸುತ್ತದೆ. ಬೈಗುಳವೆಲ್ಲ ಸಬ್‌ಸ್ಟೇಷನ್ನಿನ ಆಪರೇಟರನ ಪಾಲಿಗೆ ಬರುತ್ತದೆ, ಅವನ ಕೈಯಲ್ಲಿರುವುದು ಮಾತ್ರ ತೀರ ಕಡಿಮೆ.

ಜೋಳವನ್ನು ಹಗೇವಿನಲ್ಲಿಟ್ಟಂತೆ ವಿದ್ಯುತ್ತನ್ನು ಜಾಲದಲ್ಲಿ ಕೂಡಿಡಲು ಬರುವುದಿಲ್ಲ. ಪ್ರತಿ ಕ್ಷಣ ಎಷ್ಟು ಬಳಕೆಯೋ ಅಷ್ಟೇ ಉತ್ಪಾದನೆ ಇರಬೇಕು, ಅದು ತಪ್ಪಿದ ಕೂಡಲೆ ಆವರ್ತನ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆಂಬ ಲೆಕ್ಕ (ಸ್ಟೇಷನ್ನಿನವರ ಮಾತಿನ ಫ್ರೀಕ್ವೆನ್ಸಿ), ಐವತ್ತು ಹರ್ಟ್ಜ್‌ನಿಂದ ಸರಿಯುತ್ತದೆ. ಏರು ಹತ್ತುವ ಕಬ್ಬಿನ ಗಾಡಿಯ ಎತ್ತುಗಳು ಹೆಜ್ಜೆ ನಿಧಾನ ಮಾಡುವಂತೆ, ಹೊರೆ ಹೆಚ್ಚಾದಾಗ ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನ್‌ಗಳೆಲ್ಲ ಒಟ್ಟಿಗೆ ನಿಧಾನವಾಗುತ್ತವೆ. ಮಳೆಗಾಲದಲ್ಲಿ ಪಂಪ್‌ಸೆಟ್‌ಗಳು ಸುಮ್ಮನಿದ್ದು ಗಾಳಿ ಜೋರಾದರೆ ಇದರ ತಿರುವುಮುರುವು. ಆಗ ಆವರ್ತನ ಮೇಲೇರುವುದರಿಂದ ಯಾರಾದರೂ ಉತ್ಪಾದನೆ ತಗ್ಗಿಸಲೇಬೇಕು. ನಿಂತ ಗಾಳಿಯಂತ್ರದ ಹಿಂದೆ ಹಲವು ಸಲ ಇರುವ ಕಾರಣ ಇಷ್ಟೇ.

1990ರ ದಶಕದಲ್ಲಿ ನಮ್ಮ ಕಂಟ್ರೋಲ್ ರೂಮಿನ ಪ್ಯಾನಲ್ಲಿನಲ್ಲಿ ಸಣ್ಣ ಉಕ್ಕಿನ ಪಟ್ಟಿಗಳು ಕಂಪಿಸಿ ಆವರ್ತನ ತೋರಿಸುವ ಮೀಟರ್ ಇತ್ತು. ಸಂಜೆಯಾದರೆ ಸಾಕು, ಐವತ್ತರ ಪಟ್ಟಿ ತಣ್ಣಗಿದ್ದು ನಲವತ್ತೆಂಟರ ಪಟ್ಟಿ ನಡುಗುತ್ತಿತ್ತು. 48 ಹರ್ಟ್ಜ್‌ಗೆ ಪಂಪಿನ ವೇಗ ಶೇ 4ರಷ್ಟು ಇಳಿದರೆ ಅದು ನೀರೆತ್ತುವ ಎತ್ತರ ಸುಮಾರು ಶೇ 8ರಷ್ಟು ತಗ್ಗುತ್ತದೆ, ಆಳದ ಬಾವಿಯಿದ್ದವರಿಗೆ ಧಾರೆ ಇನ್ನೂ ಸಣ್ಣದಾಗುತ್ತದೆ. ಅಂದು 'ಕರೆಂಟಿದೆ, ನೀರಿಲ್ಲ' ಎಂದು ಗೊಣಗಿದ ರೈತರಿಗೆ ಇದನ್ನು ಬಿಡಿಸಿ ಹೇಳಿದವರೇ ಇರಲಿಲ್ಲ.

ಆ ದಿನಗಳು ತಾವಾಗಿ ಹೋದವಲ್ಲ. 2003ರ ಜನವರಿಯಲ್ಲಿ ದಕ್ಷಿಣದ ಜಾಲಕ್ಕೆ ಬಂದ ಹೊಸ ದರ ಪದ್ಧತಿಯಲ್ಲಿ, ಆವರ್ತನ ಕುಸಿದಾಗ ಪಾಲಿಗಿಂತ ಹೆಚ್ಚು ವಿದ್ಯುತ್ ಎಳೆದ ರಾಜ್ಯ ಹೆಚ್ಚು ಹಣ ತೆರಬೇಕಾಯಿತು, ಶಿಸ್ತು ತಾನೇ ಬಂತು. 2012ರ ಜುಲೈ 30 ಮತ್ತು 31ರಂದು ಉತ್ತರದ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತಾಗ ನಾವು ಉಳಿದದ್ದು, ನಮ್ಮ ಜಾಲ ಆಗಿನ್ನೂ ಅದರೊಡನೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲವಾದ್ದರಿಂದ. ಆ ಬೆಸುಗೆ ಆದದ್ದು 2013ರ ಡಿಸೆಂಬರ್ 31ರಂದು, ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ. 2014ರಿಂದ ಆವರ್ತನ 49.90 ಮತ್ತು 50.05ರ ನಡುವೆ ಇರಬೇಕೆಂಬುದು ನಿಯಮ.

ಇಷ್ಟು ಕಿರಿದಾದ ಪಟ್ಟಿಯೊಳಗೆ ಅದನ್ನು ಹಿಡಿದಿಡುವ ಮೊದಲ ಕೆಲಸ ಟರ್ಬೈನಿಗೆ ಹೋಗುವ ಉಗಿಯನ್ನೋ ನೀರನ್ನೋ ಹೆಚ್ಚು ಕಡಿಮೆ ಮಾಡುವ ಗವರ್ನರ್‌ನದು. ಶೇ 5ರ ಡ್ರೂಪ್‌ಗೆ (ಆವರ್ತನ ಶೇ 5ರಷ್ಟು ಇಳಿದರೆ ಉತ್ಪಾದನೆ ಸೊನ್ನೆಯಿಂದ ಪೂರ್ತಿಗೆ ಏರುವ ಲೆಕ್ಕಕ್ಕೆ) ಹೊಂದಿಸಿದ ಗವರ್ನರ್, ಆವರ್ತನ 0.1 ಹರ್ಟ್ಜ್ ಇಳಿದರೆ ಉತ್ಪಾದನೆಯನ್ನು ಶೇ 4ರಷ್ಟು ಏರಿಸಬೇಕು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವಂಥ 800 ಮೆಗಾವಾಟ್ ಘಟಕಕ್ಕೆ ಅದು 32 ಮೆಗಾವಾಟ್. ಆದರೆ ಬಾಯ್ಲರ್ ಆಗಲೇ ಪೂರ್ತಿ ಹೊರೆಯಲ್ಲಿದ್ದರೆ ಹೆಚ್ಚುವರಿ ಉಗಿ ಎಲ್ಲಿಂದ ಬರಬೇಕು? ಥಟ್ಟನೆ ಏರಿಳಿಯುವ ಗುಣ ಜಲವಿದ್ಯುತ್ತಿಗಿದೆ, ಆದರೆ ಆಲಮಟ್ಟಿಯ ವಿದ್ಯುದಾಗಾರ ನದಿಗೆ ಬಿಡುವ ನೀರನ್ನು ನಂಬಿಕೊಂಡದ್ದು. ಸೌರ ಫಲಕಗಳಲ್ಲಂತೂ ತಿರುಗುತ್ತ ಏರುಪೇರನ್ನು ಕ್ಷಣಕಾಲ ತಡೆಯುವ ಭಾರವೇ ಇಲ್ಲ, ಆದ್ದರಿಂದ ಅವುಗಳ ಪಾಲು ಹೆಚ್ಚಿದಷ್ಟೂ ಹೊರೆಯ ಏರುಪೇರಿಗೆ ಆವರ್ತನ ಬೇಗ ಅಲುಗುತ್ತದೆ.

ನನ್ನ ತಕರಾರು ಇರುವುದು ಇಲ್ಲಿ. ಪಂಪ್‌ಸೆಟ್ ಫೀಡರ್‌ಗಳಿಗೆ, ಅಂದರೆ ಸಬ್‌ಸ್ಟೇಷನ್ನಿನಿಂದ ಹೊಲಗಳ ಕಡೆ ಹೋಗುವ ವಿದ್ಯುತ್ ಮಾರ್ಗಗಳಿಗೆ, ತ್ರೀ ಫೇಸ್ ಬಿಡುವುದೂ ತೆಗೆಯುವುದೂ ಬಹುತೇಕ ಗಡಿಯಾರದ ನಿಮಿಷದ ಮುಳ್ಳು ಹನ್ನೆರಡಕ್ಕೆ ಬಂದಾಗಲೇ. ಊರೂರಿನ ಪಂಪುಗಳಿಗೆ ಆಟೋ ಸ್ಟಾರ್ಟರ್ ಇರುವುದರಿಂದ, ಫೀಡರ್ ಹಾಕಿದ ಕೆಲವೇ ಸೆಕೆಂಡಿನಲ್ಲಿ ಎಲ್ಲ ಮೋಟಾರುಗಳೂ ಒಮ್ಮೆಲೇ ಎದ್ದು, ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತವೆ. ಒಂದು ಫೀಡರ್‌ನಿಂದ ಅಖಿಲ ಭಾರತ ಜಾಲ ಅಲುಗುವುದಿಲ್ಲ ನಿಜ. ಆದರೆ ಹಲವು ರಾಜ್ಯಗಳು ಅದೇ ಗಳಿಗೆಯನ್ನು ಹಿಡಿದಾಗ ತಾಸು ತಿರುಗುವ ಹೊತ್ತಿಗೆ ಆವರ್ತನ ಜಿಗಿಯುವುದು ಜಾಲ ನಡೆಸುವವರಿಗೆ ಹಳೆಯ ತಲೆನೋವು.

ಮೊದಲೇ ಗೊತ್ತಿದ್ದರೆ ಎಷ್ಟು ದೊಡ್ಡ ಏರಿಳಿತವನ್ನೂ ಸಂಭಾಳಿಸಬಹುದೆಂಬುದಕ್ಕೆ 2020ರ ಏಪ್ರಿಲ್ 5ರ ರಾತ್ರಿಯೇ ಸಾಕ್ಷಿ. ಒಂಬತ್ತು ನಿಮಿಷ ದೀಪ ಆರಿಸುವ ಕರೆಗೆ ದೇಶದ ಬೇಡಿಕೆ ಸುಮಾರು 31,000 ಮೆಗಾವಾಟ್ ಕುಸಿದರೂ, ಜಲವಿದ್ಯುತ್ ಘಟಕಗಳನ್ನು ಸಜ್ಜಾಗಿಟ್ಟುಕೊಂಡಿದ್ದರಿಂದ ಆವರ್ತನ 49.70 ಮತ್ತು 50.26ರ ಆಚೆ ಹೋಗಲಿಲ್ಲ.

ಆದ್ದರಿಂದ ವಿದ್ಯುತ್ ಸರಬರಾಜು ಕಂಪನಿಗೆ ನನ್ನ ಬೇಡಿಕೆ ಚಿಕ್ಕದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪಂಪ್‌ಸೆಟ್ ಫೀಡರ್‌ಗಳನ್ನು ಒಟ್ಟಿಗೆ ಹಾಕದೆ ಎರಡು ಮೂರು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹಾಕಲಿ, ಆ ವೇಳೆಯ ಪಟ್ಟಿಯನ್ನು ಪಂಚಾಯಿತಿಯ ಬೋರ್ಡಿಗೆ ಅಂಟಿಸಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ಟೆಂಡರೂ ಬೇಡ. (ಟೆಂಡರ್ ಇಲ್ಲದ ಕೆಲಸಕ್ಕೆ ಉತ್ಸಾಹ ಕಡಿಮೆಯೆಂಬ ಅನುಮಾನ ನನಗೂ ಇದೆ.)

ರೈತರ ಕಡೆಯಿಂದಲೂ ಒಂದು ಕೆಲಸ ಆಗಬೇಕು. ನಮ್ಮ ಹೊಲದ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಆರು ಪಂಪುಗಳಿವೆ. ಹೋದ ವರ್ಷ ಆರೂ ಜನ ಕೂಡಿ ಸ್ಟಾರ್ಟರ್‌ಗಳಿಗೆ ಟೈಮರ್ ಹಾಕಿಸಿ, ಒಬ್ಬರ ಮೋಟಾರು ಎದ್ದು ನಿಮಿಷದ ಮೇಲೆ ಇನ್ನೊಬ್ಬರದು ಏಳುವಂತೆ ಮಾಡಿಕೊಂಡೆವು. ಅದಕ್ಕೂ ಮುಂಚೆ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಟಿಸಿಯ ಫ್ಯೂಸ್ ಹೋಗುತ್ತಿತ್ತು. ಈ ಬೇಸಿಗೆಯಲ್ಲಿ ಹೋದದ್ದು ಒಂದೇ ಸಲ, ಅದೂ ಗಾಳಿಗೆ ಬೇವಿನ ಟೊಂಗೆ ಮುರಿದು ಬಿದ್ದಾಗ.

ತಮ್ಮ ವಿಶ್ವಾಸಿ,
ನಿವೃತ್ತ ಟರ್ಬೈನ್ ಆಪರೇಟರ್,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ