ವ್ಯಾಕ್ಯೂಮ್ ಕ್ಲೀನರ್: ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ?

ಮಾನ್ಯ ಸಂಪಾದಕರೇ,

ದಸರಾ, ದೀಪಾವಳಿ ರಿಯಾಯಿತಿಯ ಜಾಹೀರಾತುಗಳಲ್ಲಿ ಈಗ ವ್ಯಾಕ್ಯೂಮ್ ಕ್ಲೀನರ್‌ಗಳೂ ಜಾಗ ಹಿಡಿದಿವೆ. ದಪ್ಪಕ್ಷರದಲ್ಲಿ ಕಾಣುವುದು 1,400 ವ್ಯಾಟ್, 1,600 ವ್ಯಾಟ್ ಎಂಬ ಅಂಕಿ. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಬೇರೆ ಇದೆ. ಈ ಮೆಷಿನ್ನಿನ ಚೀಲ, ಫಿಲ್ಟರ್, ಪೈಪು, ಬ್ರಷ್ಷು, ಬ್ಯಾಟರಿ ಇನ್ನೂ ಐದಾರು ವರ್ಷ ಸಿಗುತ್ತವೆಯೇ? ಎಲ್ಲಿ, ಎಷ್ಟಕ್ಕೆ? ಮೋಟಾರ್ ಚೆನ್ನಾಗಿಯೇ ಇದ್ದು, ಫಿಲ್ಟರ್ ಸಿಗದೆಯೋ, ಬುಡದಲ್ಲಿ ಸೀಳಿದ ಪೈಪಿಗೆ ಅದೇ ಅಳತೆಯ ಇನ್ನೊಂದು ಸಿಗದೆಯೋ ಅಟ್ಟ ಸೇರುವ ಮೆಷಿನ್‌ಗಳು ಬಹಳ.

ವ್ಯಾಟ್ ಎನ್ನುವುದು ಮೋಟಾರ್ ಎಷ್ಟು ವಿದ್ಯುತ್ ನುಂಗುತ್ತದೆ ಎಂಬ ಲೆಕ್ಕವಷ್ಟೇ. ಧೂಳು ಎಳೆಯುವ ಶಕ್ತಿ ತಿಳಿಯಲು ಎರಡು ಅಂಕಿ ಬೇಕು: ಹೀರುವ ಒತ್ತಡ ಎಷ್ಟು ಕಿಲೋಪಾಸ್ಕಲ್, ಗಾಳಿ ಸೆಕೆಂಡಿಗೆ ಎಷ್ಟು ಲೀಟರ್ ಹರಿಯುತ್ತದೆ. ಕೆಲಸ ಮಾಡುತ್ತಿರುವಾಗ 10 ಕಿಲೋಪಾಸ್ಕಲ್ ಒತ್ತಡದಲ್ಲಿ ಸೆಕೆಂಡಿಗೆ 20 ಲೀಟರ್ ಗಾಳಿ ಹರಿದರೆ, ಗುಣಿಸಿ, ಹೀರುವ ಶಕ್ತಿ 200 ಏರ್‌ವ್ಯಾಟ್. ಬರೀ ಕಿಲೋಪಾಸ್ಕಲ್ ಬರೆದ ಡಬ್ಬಿ ಅರ್ಧ ಮಾತನ್ನೇ ಹೇಳುತ್ತದೆ, ಏಕೆಂದರೆ ಆ ದೊಡ್ಡ ಅಂಕಿ ಬರುವುದು ಮೆಷಿನ್ನಿನ ಬಾಯಿ ಪೂರ್ತಿ ಮುಚ್ಚಿ, ಗಾಳಿಯೇ ಹರಿಯದಿರುವಾಗ. ಐರೋಪ್ಯ ಒಕ್ಕೂಟ 2014ರ ಸೆಪ್ಟೆಂಬರ್‌ನಲ್ಲಿ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 1,600 ವ್ಯಾಟ್ ಮಿತಿ ಹಾಕಿತು, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಮೋಟಾರ್ ಕನಿಷ್ಠ 500 ಗಂಟೆ ಬಾಳಬೇಕು, ಪೈಪು 40,000 ಸಲ ಬಾಗಿದರೂ ತಾಳಬೇಕು ಎಂಬ ಷರತ್ತನ್ನೂ ಹಾಕಿತು. ಅಲ್ಲಿನ ಮನೆಗಳ ಕಾರ್ಪೆಟ್‌ಗಳು 900 ವ್ಯಾಟ್‌ನಲ್ಲೇ ಸ್ವಚ್ಛವಾಗುತ್ತಿರುವಾಗ ನಮ್ಮ ಟೈಲ್ಸ್, ಮೊಸಾಯಿಕ್, ರೆಡ್ ಆಕ್ಸೈಡ್ ನೆಲಕ್ಕೆ 1,600 ಯಾಕೆ ಬೇಕು?

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಮೆಷಿನ್ ಓಡುತ್ತಿರುವಾಗ ಪೈಪಿನ ತುದಿಯನ್ನು ಅಂಗೈಯಿಂದ ಮುಚ್ಚಿ. ಮೋಟಾರ್ ಸದ್ದು ತಕ್ಷಣ ತೆಳುವಾಗಿ ಮೇಲಕ್ಕೇರಬೇಕು. ಗಾಳಿ ನಿಂತಾಗ ಮೋಟಾರಿನ ಹೊರೆ ಇಳಿದು ವೇಗ ಹೆಚ್ಚುವುದರಿಂದ ಹಾಗಾಗುತ್ತದೆ. ಸದ್ದು ಬದಲಾಗದಿದ್ದರೆ ಮುಚ್ಚಳದಲ್ಲೋ ಪೈಪಿನ ಜೋಡಣೆಯಲ್ಲೋ ಗಾಳಿ ಸೋರುತ್ತಿದೆ. ಮನೆಯಲ್ಲಿ ಎಳೆತ ಕಡಿಮೆಯಾದಾಗಲೂ ಹೀಗೇ ನೋಡಿ: ಪೈಪು ಬಿಚ್ಚಿ ಮೆಷಿನ್ನಿನ ಬಾಯಿಗೇ ಕೈ ಇಡಿ. ಅಲ್ಲಿ ಎಳೆತ ಜೋರಾಗಿದ್ದರೆ ಕಸ ಕಟ್ಟಿರುವುದು ಪೈಪಿನಲ್ಲಿ. ಅಲ್ಲೂ ಸಪ್ಪೆಯಿದ್ದರೆ ಚೀಲ ಅಥವಾ ಫಿಲ್ಟರ್ ತುಂಬಿದೆ.

ನಮ್ಮ ಮನೆಗಳಲ್ಲಿ ಮೆಷಿನ್ ಕೆಡಿಸುವುದು ಕೂದಲು, ಕಾಗದದ ಚೂರುಗಳಿಗಿಂತ ಹೆಚ್ಚಾಗಿ ನುಣ್ಣನೆಯ ಪುಡಿ. ಗೋಡೆ ಉಜ್ಜಿದ ಪುಟ್ಟಿ, ಸಿಮೆಂಟ್ ಧೂಳು, ರಂಗೋಲಿ ಪುಡಿ ಒಂದೇ ದಿನದಲ್ಲಿ ಫಿಲ್ಟರಿನ ಮಡಿಕೆಗಳ ನಡುವೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತವೆ. ಮನೆಬಳಕೆಯ ಬಹುತೇಕ ಮೆಷಿನ್‌ಗಳಲ್ಲಿ ಮೋಟಾರನ್ನು ತಣಿಸುವುದೂ ಒಳಗೆ ಎಳೆದುಕೊಂಡ ಗಾಳಿಯೇ. ಫಿಲ್ಟರ್ ಕಟ್ಟಿದರೆ ಮೋಟಾರ್ ಕಾಯುತ್ತದೆ, ಬಿಸಿ ಮಿತಿಮೀರಿದರೆ ವಿದ್ಯುತ್ ಕಡಿಯುವ ಒಳಗಿನ ಥರ್ಮಲ್ ಕಟ್‌ಔಟ್ ಅದನ್ನು ನಿಲ್ಲಿಸುತ್ತದೆ. ತಾನಾಗಿ ನಿಂತಿತೆಂದು ಗಾಬರಿಯಾಗಬೇಡಿ. ಪ್ಲಗ್ ಕಿತ್ತು, ಫಿಲ್ಟರ್ ಸ್ವಚ್ಛ ಮಾಡಿ, ಒಂದು ಗಂಟೆ ಆರಲು ಬಿಡಿ. ಕಾರಣ ಹುಡುಕದೆ ಮತ್ತೆ ಮತ್ತೆ ಓಡಿಸಿದರೆ ಮೋಟಾರಿನೊಳಗೆ ವಿದ್ಯುತ್ ದಾಟಿಸುವ ಕಾರ್ಬನ್ ಬ್ರಷ್ಷು, ಬೇರಿಂಗು ಎರಡೂ ಹೋಗುತ್ತವೆ. ಅಗರಬತ್ತಿಯ ಬೂದಿ, ಧೂಪದ ಕೆಂಡ ಇನ್ನೂ ಬಿಸಿಯಿರುವಾಗ ಎಳೆಸಲೇಬಾರದು, ಒಳಗೆ ಕಸಕ್ಕೆ ಬೆಂಕಿ ಹತ್ತುತ್ತದೆ. ತೊಳೆಯಬಹುದಾದ ಫಿಲ್ಟರನ್ನು ತೊಳೆದ ಮೇಲೆ ಪೂರ್ತಿ 24 ಗಂಟೆ ನೆರಳಿನಲ್ಲಿ ಒಣಗಿಸಿ, ಮಳೆಗಾಲದಲ್ಲಿ ಇನ್ನೂ ಒಂದು ದಿನ. ಹಸಿ ಫಿಲ್ಟರ್ ಹಾಕಿದರೆ ಮುಗ್ಗಲು ವಾಸನೆ ಬರುತ್ತದೆ, ತೇವ ಮೋಟಾರಿಗೆ ಹೋಗುತ್ತದೆ. ಎರಡು ಫಿಲ್ಟರ್ ಇಟ್ಟುಕೊಂಡು ಅದಲುಬದಲು ಹಾಕುವುದೇ ಸುಲಭ.

ಚೀಲದ್ದೋ, ಚೀಲವಿಲ್ಲದ್ದೋ? ಮನೆಯಲ್ಲಿ ಉಬ್ಬಸವಿರುವವರು, ಧೂಳಿನ ಅಲರ್ಜಿಯವರು ಇದ್ದರೆ ಬಳಸಿ ಬಿಸಾಡುವ ಚೀಲದ್ದೇ ಕೊಳ್ಳಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಚೀಲವಿಲ್ಲದ ಡಬ್ಬಿಯನ್ನು ಕಸದ ಬುಟ್ಟಿಗೆ ಬಗ್ಗಿಸುವಾಗ ಹಿಡಿದ ಧೂಳಿನಲ್ಲಿ ಒಂದು ಪಾಲು ಮತ್ತೆ ಮುಖಕ್ಕೇ ಬರುತ್ತದೆ, ಬಟ್ಟೆ ಚೀಲ ಕೊಡವಿದರೂ ಅಷ್ಟೇ. ಕಾಗದದ ಚೀಲ ಮುಕ್ಕಾಲು ತುಂಬುವ ಮೊದಲೇ ಬದಲಿಸಿ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇದೆ ಎಂದು ಹೇಳಿದರೆ ಅದರ ದರ್ಜೆ ಕೇಳಿ. ಎಚ್13 ದರ್ಜೆಯದ್ದು ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ ಶೇ 99.95ರಷ್ಟನ್ನು ತಡೆಯಬೇಕು. ‘ಹೆಪಾ ಟೈಪ್’ ಎಂದು ಬರೆದಿದ್ದಕ್ಕೆ ಅಂಥ ಖಾತರಿಯಿಲ್ಲ. ಫಿಲ್ಟರಿನ ಸುತ್ತ ರಬ್ಬರ್ ಪಟ್ಟಿ ಬಿಗಿಯಾಗಿ ಕೂತಿದೆಯೇ ಎಂದೂ ನೋಡಿ. ಸಂದಿಯಿದ್ದರೆ ಧೂಳು ಫಿಲ್ಟರಿನ ಪಕ್ಕದಿಂದಲೇ ಹೊರಬರುತ್ತದೆ.

ನೀರೂ ಎಳೆಯುವ ಮೆಷಿನ್ ಆದರೆ, ಒದ್ದೆ ಕೆಲಸಕ್ಕೆ ಮೊದಲು ಕಾಗದದ ಚೀಲ, ಒಣ ಫಿಲ್ಟರ್ ತೆಗೆದು ಕಂಪನಿ ಕೊಟ್ಟ ಸ್ಪಂಜಿನ ಫಿಲ್ಟರ್ ಹಾಕಬೇಕು. ನೀರು ತುಂಬಿದಾಗ ಒಳಗಿನ ತೇಲುಬೆಂಡು ಮೇಲೆದ್ದು ಗಾಳಿಯ ದಾರಿ ಮುಚ್ಚುತ್ತದೆ. ಅದಕ್ಕೆ ಕೂದಲು ಸುತ್ತಿಕೊಂಡಿದ್ದರೆ ನೀರು ನೇರ ಮೋಟಾರಿಗೆ ಹೋಗುತ್ತದೆ. ಒಣ ಮೆಷಿನ್ನಿನಲ್ಲಿ ಒಂದು ಲೋಟ ನೀರನ್ನೂ ಎಳೆಸಬೇಡಿ.

ಬ್ಯಾಟರಿಯದ್ದು ಕೊಳ್ಳುವವರು 40 ನಿಮಿಷ, 60 ನಿಮಿಷ ಎಂಬ ಮಾತಿಗೆ ಮರುಳಾಗಬಾರದು. ಅದು ಅತಿ ಕಡಿಮೆ ವೇಗದ ಲೆಕ್ಕ, ಪೂರ್ತಿ ವೇಗದಲ್ಲಿ ಎಷ್ಟು ನಿಮಿಷ ಎಂದು ಕೇಳಿ. ಬ್ಯಾಟರಿ ಗುಂಡಿ ಒತ್ತಿದರೆ ಕಳಚಿಬರುವಂತಿರಲಿ. ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗಿಯೇ ಸೊರಗುತ್ತದೆ, ಒಳಗೇ ಬೆಸೆದಿದ್ದರೆ ಅದರ ಜೊತೆ ಮೆಷಿನ್ನೂ ಹೋದಂತೆಯೇ. ರೋಬೋ ಮೆಷಿನ್ ಬೇಕೆನ್ನುವವರು ಮೊದಲು ಹೊಸ್ತಿಲು ಅಳೆಯಿರಿ. ಸಾಮಾನ್ಯವಾಗಿ ಅವು ಹತ್ತುವುದು ಸುಮಾರು 2 ಸೆಂಟಿಮೀಟರ್ ಎತ್ತರದವರೆಗೆ.

ಪ್ಲಗ್ ವಿಷಯವನ್ನು ಯಾರೂ ಹೇಳುವುದಿಲ್ಲ. 230 ವೋಲ್ಟ್‌ನಲ್ಲಿ 1,400 ವ್ಯಾಟ್ ಮೆಷಿನ್ 6 ಆಂಪಿಯರ್ ಮೇಲೆಯೇ ಎಳೆಯುತ್ತದೆ. ಟಿ.ವಿ. ಪಕ್ಕದ ಸಣ್ಣ ಸಾಕೆಟ್ಟಿನ ಮಿತಿಯೇ ಅಷ್ಟು. 16 ಆಂಪಿಯರ್ ಸಾಕೆಟ್ಟಿಗೆ ಹಾಕಿ, ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡ್ ಬಳಸಬೇಡಿ. ವೈರನ್ನು ಹಳದಿ ಗುರುತು ಕಾಣುವವರೆಗೆ ಪೂರ್ತಿ ಹೊರಗೆಳೆಯಿರಿ, ಸುರುಳಿಯಲ್ಲಿ ಉಳಿದ ವೈರ್ ಬಿಸಿಯಾಗುತ್ತದೆ. ಕೆಂಪು ಗುರುತು ಕಂಡರೆ ಇನ್ನು ಎಳೆಯಬಾರದು.

ಫ್ರಾನ್ಸ್‌ನಲ್ಲಿ 2022ರ ನವೆಂಬರ್‌ನಿಂದ ವ್ಯಾಕ್ಯೂಮ್ ಕ್ಲೀನರ್‌ಗಳಿಗೂ ರಿಪೇರಿ ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಅಂಕವೆಂದು ಪ್ರಕಟಿಸುವುದು ಕಡ್ಡಾಯವಾಯಿತು. ಅದರಲ್ಲಿ ಬಿಡಿಭಾಗಗಳ ಲಭ್ಯತೆ, ಬೆಲೆಯೂ ಸೇರಿವೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಅದೇ ವರ್ಷದ ಡಿಸೆಂಬರ್‌ನಲ್ಲಿ, ಕಂಪನಿಗಳ ರಿಪೇರಿ, ಬಿಡಿಭಾಗಗಳ ಮಾಹಿತಿ ಒಂದೆಡೆ ಸಿಗಲೆಂದು ‘ರಿಪೇರಿ ಹಕ್ಕು’ ಪೋರ್ಟಲ್ ಎಂಬ ಜಾಲತಾಣ ಆರಂಭಿಸಿದೆ. ಆದರೆ ಗ್ರಾಹಕರ ಕಣ್ಣಿಗೆ ಬೀಳುವುದು ಡಬ್ಬಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಗಾಳಿಯ ಹರಿವು ಎಷ್ಟು ಎಂಬ ಎರಡು ಸಾಲು ಡಬ್ಬಿಯ ಮೇಲೆಯೇ ಕಡ್ಡಾಯವಾಗಬೇಕು. ಅದಾಗುವವರೆಗೆ ಬಿಲ್ಲಿನಲ್ಲಿ ಮಾಡೆಲ್ ಸಂಖ್ಯೆಯನ್ನು ಪೂರ್ತಿ ಬರೆಸಿಕೊಳ್ಳಿ. ವಾರಂಟಿ ಮೋಟಾರಿಗೆ ಮಾತ್ರವೋ, ಪೈಪು, ಬ್ಯಾಟರಿಗೂ ಉಂಟೋ ಓದಿ ನೋಡಿ. ಮೆಷಿನ್ ಕೊಳ್ಳುವ ದಿನವೇ ಒಂದು ಹೆಚ್ಚಿನ ಫಿಲ್ಟರ್, ಒಂದು ಕಟ್ಟು ಚೀಲ ಕೇಳಿ. ಅಂಗಡಿಯವರು ಅವತ್ತೇ ಅವನ್ನು ಕೊಡಲಾರದಿದ್ದರೆ ಬೇರೆ ಮಾಡೆಲ್ ನೋಡಿ.

– ಗೃಹೋಪಕರಣ ರಿಪೇರಿ ಕೆಲಸಗಾರರು, ಮೈಸೂರು